ತರುಣ್ ಮಂಡಲ್‌ನ ಎಡಗಾಲು

ಆ ವರ್ಷ ಕೇರಳದ ನಮ್ಮ ಕೋತಮಂಗಲದಲ್ಲಿ ಸಿಮೆಂಟು ಚೀಲಕ್ಕೆ ನಾನೂರ ಮೂವತ್ತು, ಕಂಬಿ ಕಿಲೋಗೆ ಅರವತ್ತೆಂಟು. ಊರಿನ ಗಾರೆಯವನು ದಿನಕ್ಕೆ ಸಾವಿರದ ನೂರು ಕೇಳುತ್ತಿದ್ದ, ನಾಲ್ಕೂವರೆಗೆ ಕೈ ತೊಳೆಯುತ್ತಿದ್ದ. ಹೊರಗಿನಿಂದ ಬಂದ ಗಾರೆಯವನಿಗೆ ಒಂಬೈನೂರು, ಸಹಾಯಕನಿಗೆ ಏಳುನೂರ ಐವತ್ತು. ಅವರು ಕತ್ತಲಾಗುವವರೆಗೂ ಇರುತ್ತಿದ್ದರು. ಎತ್ತರದಲ್ಲಿ ನಿಂತು ಕೆಲಸ ಮಾಡುವವನು ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟಿಗೆ ಸಾವಿರದ ನಾನೂರ ಐವತ್ತು. ಹೆಲ್ಮೆಟ್ಟಿಗೆ ನೂರ ಅರವತ್ತು. ಒಬ್ಬ ಕೆಲಸಗಾರನ ವರ್ಷದ ವಿಮೆಗೆ ಆರುನೂರ ನಲವತ್ತು. ಮೂರು ಮಹಡಿಯ ಸುತ್ತ ಬಲೆ ಕಟ್ಟಿಸಿದರೆ ಒಂಬತ್ತು ಸಾವಿರ. ನಮ್ಮ ಮೊದಲಾಳಿ, ಅಂದರೆ ಯಜಮಾನ, ಗುತ್ತಿಗೆದಾರ ಇಟ್ಟೂಪ್ ತನ್ನ ಕಾರಿನ ಮುಂದಿನ ಗಾಜಿನ ಮೇಲೆ ‘ದೇವರ ದಾನ’ ಎಂದು ಬಂಗಾರದ ಬಣ್ಣದಲ್ಲಿ ಬರೆಸಲು ಕೊಟ್ಟದ್ದು ಎರಡು ಸಾವಿರದ ಇನ್ನೂರು. ಬೆಲ್ಟನ್ನೂ ಕೊಂಡಿದ್ದ. ಒಂದು. ಅದು ಫೋಟೋ ತೆಗೆಸಲಿಕ್ಕೆ.

ನಾನು ಅವನ ಬಳಿ ಹತ್ತೊಂಬತ್ತು ವರ್ಷ ಕೆಲಸ ನೋಡಿಕೊಳ್ಳುವವನಾಗಿದ್ದೆ. ಅದಕ್ಕೂ ಮೊದಲು ಕಂಬಿ ಬಗ್ಗಿಸುತ್ತಿದ್ದೆ. ಬೆಳಿಗ್ಗೆ ಹಾಜರಿ ಹಿಡಿಯುವುದು, ಮರಳಿನ ಲಾರಿ ಅಳೆಯುವುದು, ಶನಿವಾರ ಕೂಲಿ ಹಂಚುವುದು ನನ್ನ ಕೆಲಸ. ಸಹದೇವನ್ ಎಂದು ಹೆಸರು. ಊರಿನವರಿಗೂ ಹೊರಗಿನವರಿಗೂ ನಾನು ಚೇಟ್ಟ, ಅಂದರೆ ಅಣ್ಣ. ಇಟ್ಟೂಪ್‌ನಿಗೆ ಮಾತ್ರ ‘ಲೋ’.

ಕಟ್ಟಡದಲ್ಲಿ ಹತ್ತು ಜನ ದುಡಿದರೆ ಕಾನೂನು ಒಳಗೆ ಬರುತ್ತದೆ ಎಂದು ಅವನಿಗೆ ವಕೀಲನೊಬ್ಬ ಹೇಳಿಕೊಟ್ಟಿದ್ದ. ನೋಂದಣಿ, ಕಲ್ಯಾಣ ನಿಧಿ, ಕುಡಿಯುವ ನೀರು, ಕಕ್ಕಸು, ಬಲೆ, ಎಲ್ಲವೂ ಹತ್ತನೆಯವನ ಹಿಂದೆಯೇ ಬರುತ್ತವಂತೆ. ಅಂದಿನಿಂದ ಇಟ್ಟೂಪ್‌ನ ಯಾವ ಕಟ್ಟಡದಲ್ಲೂ ಹತ್ತನೆಯವನು ಹುಟ್ಟಲೇ ಇಲ್ಲ. ಬಸ್ ನಿಲ್ದಾಣದ ಹಿಂದೆ ನಿವೃತ್ತ ಟೀಚರೊಬ್ಬರು ಬಾಡಿಗೆಗೆಂದು ಕಟ್ಟಿಸುತ್ತಿದ್ದ ಮೂರು ಮಹಡಿಯಲ್ಲಿ ದುಡಿಯುತ್ತಿದ್ದವರು ಮೂವತ್ತಮೂರು ಮಂದಿ. ಕಾಗದದಲ್ಲಿ ಒಂಬತ್ತು. ಟೀಚರಿಗೆ ಸಾಲ ಕೊಟ್ಟ ಬ್ಯಾಂಕಿನವರು ವಿಮೆಯ ಚೀಟಿ ಕೇಳಿದ್ದರಿಂದ ಆ ಒಂಬತ್ತು ಜನಕ್ಕೆ ವಿಮೆಯೂ ಆಯಿತು. ಉಳಿದ ಇಪ್ಪತ್ತನಾಲ್ಕು ಜನ ಸರ್ಕಾರದ ಲೆಕ್ಕದಲ್ಲಿ ಗಾಳಿ.

ಮೇಲಿನ ತಾರಸಿ ಹಾಕಿದ ದಿನ ಮಾತ್ರ ಲೆಕ್ಕ ಬೇರೆಯಾಯಿತು. ತಾರಸಿ ಹಾಕಿದ ದಿನ ಮನೆಯವರು ಕೆಲಸದವರಿಗೆಲ್ಲ ಬಿರಿಯಾನಿ ಹಾಕಿ ತಲೆಗೊಂದು ಪಂಚೆ ಕೊಡುವುದು ನಮ್ಮ ಕಡೆಯ ಪದ್ಧತಿ. ಟೀಚರು ಎಷ್ಟು ಜನ ಎಂದು ಕೇಳಿದಾಗ ಇಟ್ಟೂಪ್ ತಡವರಿಸದೆ, "ನಲವತ್ತೊಂದು, ಟೀಚರೇ. ಎಲ್ಲಾ ಬಡವರು," ಎಂದ. ಉಳಿದ ಎಂಟು ಪಂಚೆ, ಎಂಟು ಬಿರಿಯಾನಿ ಅವನ ಕಾರಿನಲ್ಲಿ ಹೋದವು. ಒಂಬತ್ತು, ಮೂವತ್ತಮೂರು, ನಲವತ್ತೊಂದು. ಮೂರೂ ಲೆಕ್ಕ ಅವನ ತಲೆಯಲ್ಲಿ ಒಂದಕ್ಕೊಂದು ತಾಗದೆ ಇರುತ್ತಿದ್ದವು. ಇದನ್ನು ಅವನು ಬುದ್ಧಿ ಎಂದುಕೊಂಡಿದ್ದ.

ಅವನಿಗೆ ಒಬ್ಬನ ಹೆಸರೂ ಗೊತ್ತಿರಲಿಲ್ಲ. ಮುರ್ಷಿದಾಬಾದಿನವನೂ ಬಂಗಾಳಿ, ಅಸ್ಸಾಮಿನವನೂ ಬಂಗಾಳಿ, ಒಡಿಶಾದವನೂ ಬಂಗಾಳಿ. ಕರೆಯುವಾಗ ಎಲ್ಲರೂ ಭಾಯಿ. ಇದು ಇಟ್ಟೂಪ್ ಒಬ್ಬನ ರೋಗವೇನಲ್ಲ, ನಮ್ಮ ಇಡೀ ಊರಿನದು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ ಎಲ್ಲರೂ ಹಾಗೇ ಕರೆಯುತ್ತೇವೆ. ಹಾಜರಿ ಹಿಡಿಯಬೇಕಿದ್ದುದರಿಂದ ನನಗೆ ಹೆಸರುಗಳು ಗೊತ್ತಿದ್ದವು, ಅಷ್ಟೇ. ಇಲ್ಲದಿದ್ದರೆ ನಾನೂ ಅವರಲ್ಲೊಬ್ಬ.

ದೈತಾರಿ ಮಾಝಿ ಒಡಿಶಾದ ರಾಯಗಡದ ಕಡೆಯವನು. ಮೂವತ್ತೊಂದು ವರ್ಷ, ಕುಳ್ಳು, ಕಪ್ಪು, ಕಡಿಮೆ ಮಾತು. ಹಿಂದಿನ ದಿನದ ಅನ್ನಕ್ಕೆ ನೀರು ಹಾಕಿ ಈರುಳ್ಳಿ ಕಚ್ಚಿಕೊಂಡು ತಿನ್ನುತ್ತಿದ್ದ. ಹೊರಗೋಡೆಯ ಗಾರೆ ಅವನ ಹಾಗೆ ನಯವಾಗಿ ಎಳೆಯುವವನು ನಮ್ಮಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಆ ಒಂಬತ್ತರಲ್ಲಿ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಮೂರನೇ ಮಹಡಿಯ ಹೊರಗೆ ಕಟ್ಟಿದ್ದ ಅಟ್ಟಣೆಯ ಹಗ್ಗ ಬಿಚ್ಚಿತು. ದೈತಾರಿ ಮೊದಲು ಕೆಳಗಿನ ಸಜ್ಜಕ್ಕೆ ಬಿದ್ದು, ಅಲ್ಲಿಂದ ಜಲ್ಲಿಯ ರಾಶಿಯ ಮೇಲೆ ಬಿದ್ದ. ಸಜ್ಜ ಜೀವ ಉಳಿಸಿತು. ಕಾಲು ಉಳಿಯಲಿಲ್ಲ. ಎಡಗಾಲಿನ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಸಿಮೆಂಟು ತರುವ ಪಿಕಪ್ಪಿನಲ್ಲಿ ಖಾಲಿ ಚೀಲ ಹಾಸಿ ಮಲಗಿಸಿ ಆಸ್ಪತ್ರೆಗೆ ಒಯ್ದೆವು. ಇಟ್ಟೂಪ್ ತನ್ನ ಕಾರಿನಲ್ಲಿ ಹಿಂದೆ ಬಂದ. ಕಾರಿನ ಸೀಟು ಹಾಳಾಗುತ್ತದಲ್ಲ.

"ಪೇಷಂಟ್ ಹೆಸರೇನು?" ಎಂದಳು ಕೌಂಟರಿನ ಹುಡುಗಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟೂಪ್ ನನ್ನ ತೋಳು ಹಿಡಿದು ಕಂಬದ ಹಿಂದಕ್ಕೆ ಎಳೆದ.

"ಇವನು ಒಂಬತ್ತರೊಳಗೆ ಇದ್ದಾನೇನೋ?"

"ಇಲ್ಲ, ಮೊದಲಾಳಿ."

"ಒಂಬತ್ತರಲ್ಲಿ ಇವನ ಥರ ಯಾರಿದಾರೆ?"

"ಯಾರ ಥರ ಯಾರಿರ್ತಾರೆ?"

"ಲೋ, ತತ್ವ ಹೇಳ್ಬೇಡ. ಎಲ್ಲಾ ಭಾಯಿಗಳೇ ಕಣೋ. ಸಾಲಾಗಿ ನಿಲ್ಲಿಸಿದ್ರೆ ಅವರಮ್ಮನಿಗೇ ಗೊತ್ತಾಗಲ್ಲ. ಒಂದು ಹೆಸರು ಹೇಳು ಬೇಗ. ಅಲ್ಲಿ ರಕ್ತ ಹೋಗ್ತಿದೆ."

ರಕ್ತ ಹೋಗುತ್ತಿದ್ದುದು ನಿಜ. ವಿಮೆ ಇಲ್ಲದಿದ್ದರೆ ಮುಂಗಡ ಎರಡು ಲಕ್ಷ ಎಂದು ಕೌಂಟರಿನ ಹುಡುಗಿ ಆಗಲೇ ಹೇಳಿದ್ದಳು. ಇಟ್ಟೂಪ್ ಆ ಎರಡು ಲಕ್ಷ ತೆಗೆಯುವಷ್ಟರಲ್ಲಿ ಇವನು ಮುಗಿದುಹೋಗುತ್ತಾನೆ ಎಂದು ನನಗನ್ನಿಸಿತು. ಬಾಯಿಗೆ ಬಂದ ಹೆಸರು ಒಂಬತ್ತರಲ್ಲೊಬ್ಬನಾದ ಸಹಾಯಕ ತರುಣ್ ಮಂಡಲ್‌ನದು. ಫಾರಂ ತುಂಬಿದವನೂ ನಾನೇ. ಹೆಸರು ತರುಣ್ ಮಂಡಲ್, ವಯಸ್ಸು ಇಪ್ಪತ್ನಾಲ್ಕು, ಊರು ಮಾಲ್ದಾ. ತರುಣನ ಆಧಾರ್ ಕಾರ್ಡಿನ ಚಿತ್ರ ನನ್ನ ಫೋನಿನಲ್ಲಿತ್ತು, ತೋರಿಸಿದೆ. ತರುಣ್ ಉದ್ದಕ್ಕಿದ್ದಾನೆ, ಬೆಳ್ಳಗಿದ್ದಾನೆ, ಗುಂಗುರು ಕೂದಲು. ಹುಡುಗಿ ಚಿತ್ರ ನೋಡಿದಳು, ಗಾಲಿಮಂಚದ ಮೇಲಿದ್ದವನನ್ನೂ ನೋಡಿದಳು, ಠಸ್ಸೆ ಒತ್ತಿದಳು. ಇಟ್ಟೂಪ್ ನನಗೆ ಕಣ್ಣು ಹೊಡೆದ. ಊರೇ ತನ್ನ ಕಡೆಗಿದೆ ಎಂಬ ನಂಬಿಕೆ ಅವನಿಗೆ ಸುಮ್ಮನೆ ಬಂದದ್ದಲ್ಲ.

ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಎರಡನೆಯ ದಿನ ನಾನು ಹೋದಾಗ ದೈತಾರಿ ಮಂಚದಲ್ಲಿರಲಿಲ್ಲ.

"ತಲೆಯ ಸ್ಕ್ಯಾನಿಗೆ ಕಳಿಸಿದೀವಿ," ಎಂದಳು ನರ್ಸು. "ಬೆಳಿಗ್ಗೆಯಿಂದ ತರುಣ್, ತರುಣ್ ಅಂತ ಎಷ್ಟು ಕರೆದ್ರೂ ತಿರುಗಿ ನೋಡಲ್ಲ. ಸ್ವಂತ ಹೆಸರೇ ಮರ್ತುಹೋಗಿದೆ ಪಾಪ. ಡಾಕ್ಟರಿಗೆ ತಲೆ ಒಳಗೆ ಏಟು ಬಿದ್ದಿರಬೇಕು ಅಂತ ಅನುಮಾನ."

ಆ ಸ್ಕ್ಯಾನಿಗೆ ನಾಲ್ಕು ಸಾವಿರದ ಎಂಟುನೂರು. ತಲೆಯಲ್ಲಿ ಏನೂ ಇರಲಿಲ್ಲ. ಒಂದು ಒಳ್ಳೆಯ ಹೆಸರಿತ್ತು, ಅದು ಯಂತ್ರಕ್ಕೆ ಕಾಣಿಸಲಿಲ್ಲ.

ಅವನು ಬಂದಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ. "ದೈತಾರಿ, ಇಲ್ಲಿ ನಿನ್ನ ಹೆಸರು ತರುಣ್. ಸ್ವಲ್ಪ ದಿನ. ಕರೆದ್ರೆ ಹ್ಞೂಂ ಅನ್ನು."

ಅವನು ನನ್ನ ಕಡೆ ತಿರುಗಿದ. "ಅಂದ್ರೆ ಕಾಲು ಹೋಗಿದ್ದು ತರುಣನಿಗಾ, ಚೇಟ್ಟಾ?"

ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಸಣ್ಣಪುಟ್ಟ ಮೋಸಗಳು ಬೇಕಾದಷ್ಟಿದ್ದವು. ಒಂದು ಚೀಲ ಸಿಮೆಂಟು ಕಡಿಮೆ ಹಾಕಿಸಿದ್ದು, ಲಾರಿಯ ಅಳತೆಯಲ್ಲಿ ಕಣ್ಣು ಮುಚ್ಚಿದ್ದು. ಅವು ಯಾವುದೂ ಹಾಗೆ ಎದುರಿಗೆ ಮಲಗಿಕೊಂಡು ಪ್ರಶ್ನೆ ಕೇಳಿರಲಿಲ್ಲ.

ಅದೇ ಸಂಜೆ ಅವನ ಹೆಂಡತಿ ಸುಮಿತ್ರಾ ನನ್ನ ಫೋನಿಗೆ ಕರೆ ಮಾಡಿದಳು. ಯಾರೋ ಊರಿನವನು ಸುದ್ದಿ ಮುಟ್ಟಿಸಿದ್ದನಂತೆ. ಆಸ್ಪತ್ರೆಯ ನಂಬರು ಹುಡುಕಿ ಕೇಳಿದರೆ, ದೈತಾರಿ ಮಾಝಿ ಎಂಬ ರೋಗಿ ಇಲ್ಲ ಎಂದಿದ್ದರು. ಇಲ್ಲ ಎಂದರೆ ಸತ್ತಿದ್ದಾನೆ ಎಂದೇ ಅವಳು ತಿಳಿದಳು. ಅವಳ ಹಿಂದಿ ನನಗೆ ಅರ್ಧ ಗೊತ್ತಾಗುತ್ತಿತ್ತು, ಅಳು ಪೂರ್ತಿ ಗೊತ್ತಾಯಿತು. ಫೋನನ್ನು ದೈತಾರಿಯ ಕಿವಿಗಿಟ್ಟು ಹೊರಗೆ ಹೋಗಿ ನಿಂತೆ.

ಆಸ್ಪತ್ರೆಯ ಖರ್ಚನ್ನು ವಿಮೆ ತುಂಬಿತು. ಇಟ್ಟೂಪ್ ಖುಷಿಯಲ್ಲಿದ್ದ. ಆದರೆ ಅಂಗ ಹೋದವನಿಗೆ ವಿಮೆಯವರು ಬೇರೆಯಾಗಿ ನಾಲ್ಕು ಲಕ್ಷ ಕೊಡುತ್ತಾರೆ ಎಂದು ವಕೀಲನಿಂದ ಗೊತ್ತಾದಾಗ ಆ ಖುಷಿ ದುರಾಸೆಯಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಬಹುಶಃ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ಲಕ್ಷ ಬರಬೇಕಾದರೆ ಕಾಲು ಹೋದವನು ಕಚೇರಿಗೆ ಬಂದು ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ಕಾಲು ದೈತಾರಿಯದು, ಹೆಬ್ಬೆರಳು ತರುಣನದು. ಯಂತ್ರಕ್ಕೆ ಎಲ್ಲರೂ ಭಾಯಿಗಳಲ್ಲ. ಇಬ್ಬರನ್ನೂ ಸೇರಿಸಿ ಒಬ್ಬ ಮನುಷ್ಯನನ್ನು ಕಟ್ಟುವ ಗುತ್ತಿಗೆ ಇಟ್ಟೂಪ್‌ನ ಮೈಮೇಲೆ ಬಿತ್ತು.

ಇದು ತರುಣನಿಗೆ ತಿಳಿದದ್ದು ವಿಮೆಯವರ ಫೋನಿನಿಂದ. ಅವನು ಗಾರೆಯ ಬಾಂಡಲಿ ಅಲ್ಲೇ ಇಟ್ಟು ನನ್ನ ಬಳಿ ಬಂದ. ನಗುಮುಖದವನು, ಯಾವಾಗಲೂ ಏನಾದರೂ ತಮಾಷೆ. ಅವತ್ತು ನಗು ಅರ್ಧಕ್ಕೆ ನಿಂತಿತ್ತು.

"ಚೇಟ್ಟಾ, ಒಂದು ವಿಷಯ ಕೇಳ್ಬೇಕಿತ್ತು. ನನ್ನ ಯಾವ ಕಾಲು ಹೋಗಿದೆ?"

"ಎಡಗಾಲು."

"ಹೌದಾ. ಆ ಯಪ್ಪ ಫೋನಲ್ಲಿ ಬಲಗಾಲಾ ಎಡಗಾಲಾ ಅಂತ ಕೇಳಿದ. ನಾನು ಎರಡೂ ಇದೆ, ಬಂದು ನೋಡ್ತೀರಾ ಅಂದೆ. ರಾಂಗ್ ನಂಬರ್ ಅಂತ ಇಟ್ಟುಬಿಟ್ಟ. ಆಮೇಲೆ ಯೋಚನೆ ಮಾಡಿದೆ. ದೈತಾರಿ ದಾದಾನ ಕಾಲು ನನ್ನ ಲೆಕ್ಕಕ್ಕೆ ಬರೆದಿರೋದು ನೀವೇನಾ?"

"ನಾನೇ."

ಅವನು ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿಲ್ಲ. ಜಲ್ಲಿಯ ಮೇಲೆ ಕೂತು ಬೀಡಿ ಹಚ್ಚಿದ. "ಕತಾರಿನ ಕೆಲಸಕ್ಕೆ ಅರ್ಜಿ ಹಾಕಿದೀನಿ, ಚೇಟ್ಟಾ. ಮುಂದಿನ ತಿಂಗಳು ಮೆಡಿಕಲ್."

ಮರುದಿನ ಇಟ್ಟೂಪ್ ನಮ್ಮಿಬ್ಬರನ್ನೂ ತನ್ನ ಆಫೀಸಿಗೆ ಕರೆಸಿದ. ಹೊಸ ಊರುಗೋಲು ಎರಡು ಗೋಡೆಗೆ ಒರಗಿದ್ದವು, ಬೆಲೆಯ ಚೀಟಿ ಇನ್ನೂ ಹರಿದಿರಲಿಲ್ಲ.

"ಬಾ ಭಾಯಿ, ಕೂತ್ಕೊ. ಚಾ ಕುಡೀತೀಯಾ?" ಎಂದ. ಕೆಲಸದವನಿಗೆ ಅವನು ಚಾ ಕೊಟ್ಟದ್ದನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನೋಡಿದೆ. "ಸಣ್ಣ ಕೆಲಸ. ಅರ್ಧ ಗಂಟೆ. ನಿಂಗೆ ಐವತ್ತು ಸಾವಿರ. ಪಂಚೆ ಉಡ್ಬೇಕು, ಎಡಗಾಲು ಹಿಂದಕ್ಕೆ ಮಡಚಿ ಬೆಲ್ಟಲ್ಲಿ ಕಟ್ಕೋಬೇಕು, ಈ ಕೋಲು ಹಿಡ್ಕೊಂಡು ಒಳಗೆ ಹೋಗ್ಬೇಕು, ಹೆಬ್ಬೆರಳು ಒತ್ಬೇಕು, ಬರ್ಬೇಕು. ಅಷ್ಟೇ."

"ಮಡಚಿದ ಕಾಲು ಹಿಂದುಗಡೆ ಉಬ್ಬಿಕೊಂಡು ಕಾಣಲ್ವಾ, ಮೊದಲಾಳಿ?"

"ಕಾಣಲ್ಲ. ನೋಡಿಲ್ಲಿ."

ತೊಂಬತ್ತು ಕಿಲೋ ತೂಕದ ಆ ಮನುಷ್ಯ ಎದ್ದು, ಮಡಿಕೆ ಹಾಕಿದ ಬಿಳಿ ಪಂಚೆಯೊಳಗೆ ತನ್ನ ಎಡಗಾಲನ್ನು ಮಡಚಿ, ಊರುಗೋಲು ಕಂಕುಳಿಗೆ ಸಿಕ್ಕಿಸಿ, ಮೇಜಿನಿಂದ ಬಾಗಿಲವರೆಗೆ ಕುಂಟಿದ. ಗೋಡೆಯ ಮೇಲಿದ್ದ ಯೇಸುವಿನ ಪಟದ ಕೆಳಗೆ ಹಾಯುವಾಗ ರೂಢಿಯಂತೆ ಎದೆಯ ಮೇಲೆ ಶಿಲುಬೆ ಗುರುತು ಹಾಕಲು ಕೈ ಎತ್ತಿದ. ಕೋಲು ಜಾರಿತು. ಮರಳು ಸುರಿದ ಹಾಗೆ ನೆಲಕ್ಕೆ ಕುಸಿದ. ಎಬ್ಬಿಸಲು ನಾವಿಬ್ಬರೂ ಬೇಕಾಯಿತು.

ತರುಣ್ ಅವನ ಪಂಚೆಯ ಧೂಳು ಕೊಡವುತ್ತಾ ಹೇಳಿದ, "ಮೊದಲಾಳಿ, ನೀವೇ ಚೆನ್ನಾಗಿ ಮಾಡ್ತೀರಿ. ನೀವೇ ಹೋಗಿ. ನಾನು ಬೇಕಾದ್ರೆ ಹೆಬ್ಬೆರಳು ಮಾತ್ರ ಕಳಿಸ್ತೀನಿ."

"ಅರವತ್ತು ಸಾವಿರ."

"ಒಂದು ಸಲ ಕಂಪ್ಯೂಟರಲ್ಲಿ ಕಾಲು ಹೋದ್ರೆ ಮತ್ತೆ ಬೆಳೆಯಲ್ಲ. ಕತಾರಿನವರು ಒಂಟಿಗಾಲಿನವನನ್ನ ಕರ್ಕೊಳಲ್ಲ."

"ನಿಂಗೆ ಬದುಕೋಕೆ ಗೊತ್ತಿಲ್ಲ ಭಾಯಿ," ಎಂದ ಇಟ್ಟೂಪ್, ಮೊಣಕೈ ಉಜ್ಜಿಕೊಳ್ಳುತ್ತಾ. ಅವನ ಕೋಪ ನಿಜವಾದದ್ದು. ತಾನು ಇಷ್ಟು ಕಷ್ಟಪಡುತ್ತಿರುವಾಗ ಈ ಜನ ಎರಡೆರಡು ಕಾಲಿಟ್ಟುಕೊಂಡು ಸಹಕರಿಸುವುದಿಲ್ಲವಲ್ಲ ಎಂಬ ನೋವು ಅವನಿಗೆ.

ಹೆಬ್ಬೆರಳು ಸಿಗಲಿಲ್ಲ ಎಂದಮೇಲೆ ದೈತಾರಿಯನ್ನು ಬೇಗ ಸಾಗಿಸಿಬಿಡಬೇಕೆಂದು ತೀರ್ಮಾನವಾಯಿತು. ವಕೀಲ ಗೀವರ್ಗೀಸ್ ಛಾಪಾ ಕಾಗದ ತಯಾರು ಮಾಡಿಕೊಂಡು ಆಸ್ಪತ್ರೆಗೆ ಬಂದ. ‘ತರುಣ್ ಮಂಡಲ್ ಆದ ನಾನು ಎಪ್ಪತ್ತೈದು ಸಾವಿರ ರೂಪಾಯಿ ಪಡೆದು ಸಂತೃಪ್ತನಾಗಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ’ ಎಂದು ಅದರಲ್ಲಿತ್ತು. ಜೊತೆಗೆ ರೈಲಿನ ಟಿಕೆಟ್ಟು.

"ಹೆಬ್ಬೆಟ್ಟು ಒತ್ತಿಸು," ಎಂದು ನನಗೆ ಹೇಳಿದ.

"ಅವನಿಗೆ ಓದೋಕೆ ಬರುತ್ತೆ ಸಾರ್. ಒಡಿಯಾದಲ್ಲಿ."

"ಹಾಗಾದ್ರೆ ಸಹಿ ಹಾಕ್ಲಿ. ಯಾವ ಭಾಷೆಯಾದ್ರೇನು."

ಕಾಗದದಲ್ಲಿದ್ದುದನ್ನು ದೈತಾರಿಗೆ ನಿಧಾನವಾಗಿ ಹಿಂದಿಯಲ್ಲಿ ಹೇಳಿದೆ. ಅವನು ಕಾಗದದ ಮೇಲೆ ಬೆರಳಾಡಿಸಿದ.

"ಇದರಲ್ಲಿ ನನ್ನ ಹೆಸರೆಲ್ಲಿದೆ?"

"ಇಲ್ಲ."

"ಊರಲ್ಲಿ ಅಂಗವಿಕಲರ ಪಿಂಚಣಿ ಕೊಡ್ತಾರೆ. ಡಾಕ್ಟರ ಚೀಟಿ ಬೇಕು. ಮೂರು ಚಕ್ರದ ಗಾಡಿಗೂ ಚೀಟಿ ಬೇಕು. ನಾನು ಈ ಚೀಟಿ ತಗೊಂಡು ಹೋದ್ರೆ, ಇದು ತರುಣ್ ಮಂಡಲ್‌ದು, ನಿನ್ನ ಕಾಲು ಎಲ್ಲಿ ಹೋಯ್ತು ಅಂತ ಕೇಳ್ತಾರೆ. ಏನು ಹೇಳ್ಲಿ? ಕಾಲು ಹೋಗಿದೆ, ಆದ್ರೆ ಎಲ್ಲೂ ಹೋಗಿಲ್ಲ ಅಂತಲಾ?"

"ಎಂಬತ್ತೈದು ಸಾವಿರ ಮಾಡಿ ಮುಗಿಸು," ಎಂದ ವಕೀಲ ಫೋನು ನೋಡುತ್ತಾ.

ದೈತಾರಿ ಕಾಗದವನ್ನು ಅಂದವಾಗಿ ಮಡಚಿ ವಕೀಲನ ಕೈಗಿಟ್ಟ. "ನನ್ನ ಹೆಸರಲ್ಲಿ ಬರೆದು ತನ್ನಿ. ಎಷ್ಟು ಅಂತ ಆಮೇಲೆ ಮಾತಾಡೋಣ."

ಅವನು ಕೇಳಿದ್ದು ಅಷ್ಟೇ. ತನ್ನ ಹೆಸರಿನಲ್ಲಿ ಬಿದ್ದವನಾಗಬೇಕು. ಆದರೆ ಅದನ್ನು ಕೊಟ್ಟರೆ ಒಂಬತ್ತರ ಆಚೆಗೆ ಹತ್ತನೆಯವನು ಹುಟ್ಟುತ್ತಾನೆ, ಅವನ ಹಿಂದೆ ಇಪ್ಪತ್ತಮೂರು ಜನ ಸಾಲಾಗಿ ಹುಟ್ಟುತ್ತಾರೆ. ಇಟ್ಟೂಪ್ ಕೊಡುವವನಲ್ಲ.

ಮನೆಯಲ್ಲಿ ಹೆಂಡತಿ ಸರಸುವಿಗೆ ಹೇಳಿದೆ. ಅವಳು ಮರಗೆಣಸು ಹೆಚ್ಚುತ್ತಿದ್ದಳು. "ಬರೆದಿದ್ದು ನಿಮ್ಮ ಕೈ ಅಲ್ವಾ? ಅದೇ ಕೈಯಲ್ಲಿ ತಿದ್ದಿ. ಕೆಲಸ ಹೋದ್ರೆ ನನ್ನ ಎರಡು ಹಸು ಇವೆ," ಎಂದಳು. ಇದನ್ನು ಅವಳು ಧೈರ್ಯ ತುಂಬಲು ಹೇಳಿದ್ದಲ್ಲ. ನನ್ನ ಗೋಳು ಮುಗಿದರೆ ಸಾಕು ಎಂದು ಹೇಳಿದ್ದು.

ದೈತಾರಿಯನ್ನು ಆಟೋದಲ್ಲಿ ಕೂರಿಸಿಕೊಂಡು ಕಾರ್ಮಿಕರ ಪರಿಹಾರ ನೋಡುವ ಕಚೇರಿಗೆ ಹೋದೆ. ಅರ್ಜಿ ಬರೆದುಕೊಟ್ಟೆ. ಇಟ್ಟೂಪ್‌ನಿಗೆ ನೋಟೀಸು ಮುಟ್ಟಿದ ದಿನವೇ ನನ್ನ ಕೆಲಸ ಹೋಯಿತು.

"ಹತ್ತೊಂಬತ್ತು ವರ್ಷ ಅನ್ನ ಹಾಕಿದೀನಲ್ಲೋ ನಿಂಗೆ," ಎಂದ ಫೋನಿನಲ್ಲಿ.

"ಹೌದು ಮೊದಲಾಳಿ. ದುಡಿದು ತಂದು ಬೇಯಿಸಿಕೊಂಡದ್ದು ಮಾತ್ರ ನಾನೇ."

ವಿಚಾರಣೆ ಮೂರು ಸಲ ಮುಂದಕ್ಕೆ ಹೋಯಿತು. ಒಮ್ಮೆ ಇಟ್ಟೂಪ್‌ನಿಗೆ ಎದೆನೋವು. ಒಮ್ಮೆ ವಕೀಲನ ಭಾವಮೈದುನನ ಮದುವೆ. ಒಮ್ಮೆ ಕಾರಣವೇ ಇಲ್ಲ. ಆ ಐದು ತಿಂಗಳೂ ದೈತಾರಿ ನಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದ. ಒಂಟಿಗಾಲಲ್ಲಿ ಸ್ಟೂಲಿನ ಮೇಲೆ ಕೂತು ಕೊಟ್ಟಿಗೆಯ ಗೋಡೆಗೆ ಕೈ ಎಟುಕುವವರೆಗೆ ಗಾರೆ ಎಳೆದ. ನಮ್ಮ ಮನೆಯ ಯಾವ ಗೋಡೆಯೂ ಅಷ್ಟು ನಯವಾಗಿಲ್ಲ.

ನಾಲ್ಕನೆಯ ಸಲ ಎಲ್ಲರೂ ಬಂದರು. ವಿಚಾರಣೆ ಮಾಡುವ ಅಧಿಕಾರಿ ಮೂವತ್ತೈದರ ಹೆಂಗಸು, ಮೆಲ್ಲನೆಯ ಮಾತು. ವಕೀಲ ಗೀವರ್ಗೀಸ್ ಕರಿ ಕೋಟು ಸರಿಪಡಿಸಿಕೊಂಡು ಎದ್ದ.

"ಮೇಡಂ, ದೈತಾರಿ ಮಾಝಿ ಅನ್ನೋ ಹೆಸರಿನವನು ನನ್ನ ಕಕ್ಷಿದಾರರ ಬಳಿ ಕೆಲಸಕ್ಕೇ ಇರಲಿಲ್ಲ. ಬಿದ್ದವನು ತರುಣ್ ಮಂಡಲ್. ಆಸ್ಪತ್ರೆಯ ದಾಖಲೆ ಇದೆ. ವಿಮೆ ಇದೆ. ಎಲ್ಲಾ ಕಾನೂನು ಪ್ರಕಾರ. ಈ ವ್ಯಕ್ತಿ ಯಾರೋ ನಮಗೆ ಗೊತ್ತಿಲ್ಲ."

"ತರುಣ್ ಮಂಡಲ್ ಬಂದಿದಾರಾ?" ಎಂದು ಕೇಳಿದರು ಅಧಿಕಾರಿ.

ತರುಣ್ ಹಿಂದಿನ ಬೆಂಚಿನಿಂದ ಎದ್ದು ಬಂದ. ಕತಾರಿನ ಮೆಡಿಕಲ್ಲಿಗೆಂದು ಕೊಂಡ ಹೊಸ ಪ್ಯಾಂಟು. ಮೇಜಿನ ಮುಂದೆ ನಿಂತು, ಯಾರೂ ಕೇಳದೆಯೇ ಎರಡೂ ಕಾಲನ್ನು ಒಂದಾದ ಮೇಲೊಂದು ಎತ್ತಿ ತೋರಿಸಿದ.

"ಇದು ಎಡದ್ದು, ಮೇಡಂ. ಇದು ಬಲದ್ದು. ಎರಡೂ ಅಪ್ಪ ಅಮ್ಮ ಕೊಟ್ಟಿದ್ದು."

ಬೆಂಚಿನ ಮೇಲಿದ್ದವರು ನಕ್ಕರು. ವಕೀಲ ನಗಲಿಲ್ಲ. ಇಟ್ಟೂಪ್‌ನ ಕಿವಿಯಲ್ಲಿ ಏನೋ ಹೇಳಿದ, ಇಟ್ಟೂಪ್ ತಲೆಯಾಡಿಸಿದ. ಅವರ ಕಥೆ ಎಷ್ಟು ಬೇಗ ಬಟ್ಟೆ ಬದಲಾಯಿಸಿತೆಂದರೆ ನೋಡುತ್ತಿದ್ದ ನನಗೇ ನಾಚಿಕೆಯಾಯಿತು.

"ಹಾಗಾದ್ರೆ ಮೇಡಂ, ಬಿದ್ದವನು ಕೆಲಸಗಾರನಲ್ಲ. ಯಾರೋ ಸ್ನೇಹಿತರನ್ನ ನೋಡೋಕೆ ಬಂದವನು. ಮಾನವೀಯತೆಯಿಂದ ನನ್ನ ಕಕ್ಷಿದಾರರು ಆಸ್ಪತ್ರೆಗೆ ಸೇರಿಸಿದರು. ಗಾಬರಿಯಲ್ಲಿ ಹೆಸರು ತಪ್ಪಾಯಿತು."

"ನೋಡೋಕೆ ಬಂದವರು ಮೂರನೇ ಮಹಡಿಯ ಹೊರಗಿನ ಅಟ್ಟಣೆ ಹತ್ತಿದ್ದು ಯಾಕೆ?"

ಇಟ್ಟೂಪ್ ತಡೆಯಲಾರದೆ ತಾನೇ ಉತ್ತರಿಸಿದ. "ಈ ಬಂಗಾಳಿಗಳು ಎಲ್ಲಿ ಬೇಕಾದ್ರೂ ಹತ್ತುತಾರೆ ಮೇಡಂ. ನಾವು ಹೇಳಿದ್ರೆ ಕೇಳಲ್ಲ."

"ಇವರು ಬಂಗಾಳಿಯಾ?"

"ಹೌದು ಮೇಡಂ. ಪಕ್ಕಾ ಬಂಗಾಳಿ."

ಅಧಿಕಾರಿ ದೈತಾರಿಯ ಗುರುತಿನ ಚೀಟಿ ತೆಗೆದು ಇಟ್ಟೂಪ್‌ನ ಕಡೆ ತಿರುಗಿಸಿದರು. "ಒಡಿಶಾ. ರಾಯಗಡ ಜಿಲ್ಲೆ. ಎಷ್ಟು ತಿಂಗಳಿಂದ ನೋಡ್ತಿದೀರಿ ಇವರನ್ನ?"

ಇಟ್ಟೂಪ್ ಬಾಯಿ ತೆರೆದ. "ಎರಡು ವರ್ಷ" ಎಂಬ ಸತ್ಯ ಅವನ ಬಾಯಿಂದ ತಾನಾಗಿಯೇ ಹೊರಬಿತ್ತು. ಗೀವರ್ಗೀಸ್ ಕಣ್ಣು ಮುಚ್ಚಿಕೊಂಡ. ಎರಡು ವರ್ಷ ಸ್ನೇಹಿತರನ್ನು ನೋಡಲು ಬರುತ್ತಿದ್ದವನನ್ನು ಯಾವ ವಕೀಲನೂ ಉಳಿಸಲಾರ.

ಆಮೇಲೆ ನನ್ನನ್ನು ಕರೆದರು. ನಾನು ಹಾಜರಿ ಹಿಡಿಯುತ್ತಿದ್ದುದು, ಮೂವತ್ತಮೂರು ಜನ ಇದ್ದದ್ದು, ಬೆಲ್ಟು ಒಂದೇ ಇದ್ದದ್ದು, ದೈತಾರಿ ಬಿದ್ದ ದಿನ ಅದು ಆಫೀಸಿನ ಕಪಾಟಿನಲ್ಲಿದ್ದದ್ದು, ಆಸ್ಪತ್ರೆಯಲ್ಲಿ ಸುಳ್ಳು ಹೆಸರು ಬರೆದದ್ದು ಎಲ್ಲ ಹೇಳಿದೆ.

"ಆ ಫಾರಂ ತುಂಬಿದ ಅಕ್ಷರ ಯಾರದು?"

"ನನ್ನದು, ಮೇಡಂ."

"ವಿಮೆಯವರು ಕೇಸು ಹಾಕಿದ್ರೆ ನಿಮ್ಮ ಮೇಲೂ ಬರುತ್ತೆ. ಗೊತ್ತಿದ್ದು ಹೇಳ್ತಿದೀರಾ?"

"ಗೊತ್ತಿದ್ದೇ ಹೇಳ್ತಿದೀನಿ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಸಂಬಳ ಬರ್ತಿತ್ತು," ಎಂದೆ. ಅವರು ಅದನ್ನೂ ಬರೆದುಕೊಂಡರು.

ಕಡೆಗೆ ದೈತಾರಿಯನ್ನು ಕೇಳಿದರು, ಹೇಳುವುದೇನಾದರೂ ಇದೆಯೇ ಎಂದು. ಅವನು ಊರುಗೋಲಿನ ಮೇಲೆ ಎದ್ದು ನಿಂತ. "ನನ್ನ ಹೆಸರು ದೈತಾರಿ ಮಾಝಿ. ನನ್ನ ಕಾಲು ಹೋಗಿದೆ. ಎರಡನ್ನೂ ಒಂದೇ ಕಾಗದದಲ್ಲಿ ಬರೀಬೇಕು, ಮೇಡಂ." ಅಷ್ಟು ಹೇಳಿ ಕೂತುಬಿಟ್ಟ.

ಸರ್ಕಾರಿ ವೈದ್ಯರು ಮತ್ತೆ ನೋಡಿ ಅವನ ಹೆಸರಿಗೆ ಚೀಟಿ ಕೊಟ್ಟರು. ದುಡಿಮೆಯ ಶಕ್ತಿ ಅರ್ಧ ಹೋಗಿದೆ ಎಂದು ಬರೆದರು. ಅವನ ತಿಂಗಳ ದುಡಿಮೆ ಇಪ್ಪತ್ತು ಸಾವಿರ ದಾಟುತ್ತಿತ್ತು. ಕಾನೂನು ಹದಿನೈದೇ ಸಾವಿರ ಎಂದು ಹಿಡಿಯುತ್ತದೆ. ಅದಕ್ಕೆ ವಯಸ್ಸಿನ ಲೆಕ್ಕ ಕಟ್ಟಿ, ಅರ್ಧ ಮಾಡಿ, ಒಂಬತ್ತು ಲಕ್ಷ ಇಪ್ಪತ್ತಾರು ಸಾವಿರದ ಏಳುನೂರ ಎಪ್ಪತ್ತೈದು ರೂಪಾಯಿ, ಬಡ್ಡಿ ಬೇರೆ, ಎಂದು ಆದೇಶವಾಯಿತು. ಅವನಿಗೆ ವಿಮೆ ಇರಲಿಲ್ಲವಾದ್ದರಿಂದ ಅಷ್ಟೂ ಇಟ್ಟೂಪ್‌ನ ಕೈಯಿಂದ. ಆದೇಶ ಓದುವಾಗ ಇಟ್ಟೂಪ್ ನನ್ನ ಕಡೆ ತಿರುಗಿ, "ನೋಡಿದ್ಯೇನೋ? ಒಂದು ಕಾಲಿಗೆ!" ಎಂದ. ಅಷ್ಟೂ ತಿಂಗಳಲ್ಲಿ ಆ ಕಾಲಿನ ಬಗ್ಗೆ ಅವನಾಡಿದ ಮಾತು ಅದೊಂದೇ.

ಒಟ್ಟು ಆದದ್ದು ಇಷ್ಟು. ದೈತಾರಿ ಎಡಗಾಲು ಕಳೆದುಕೊಂಡ. ಹದಿನಾಲ್ಕು ತಿಂಗಳ ಮೇಲೆ ಹಣ ಅವನ ಹೆಸರಿಗೆ ಬಂತು. ರಾಯಗಡದಲ್ಲಿ ಸುಮಿತ್ರಾಳ ಹೆಸರಿನಲ್ಲಿ ಒಂದು ಸಿಮೆಂಟು ಅಂಗಡಿ ಹಾಕಿದ್ದಾನೆ, ಪಿಂಚಣಿಯೂ ಬರುತ್ತಿದೆ. ಇನ್ನು ಗೋಡೆಗೆ ಗಾರೆ ಎಳೆಯುವುದಿಲ್ಲ. ತರುಣ್ ಎರಡೂ ಕಾಲಿನ ಸಮೇತ ಕತಾರಿಗೆ ಹೋದ. ವಿಮೆಯವರು ಆಸ್ಪತ್ರೆಯ ಖರ್ಚು ಮೂರು ಲಕ್ಷ ಹತ್ತು ಸಾವಿರವನ್ನೂ ಇಟ್ಟೂಪ್‌ನಿಂದ ವಾಪಸು ವಸೂಲಿ ಮಾಡಿದರು, ಮೋಸದ ಕೇಸನ್ನೂ ಹಾಕಿದರು. ಅದರಲ್ಲಿ ಅವನು ಒಂದನೆಯ ಆರೋಪಿ, ನಾನು ಎರಡನೆಯವನು. ಅವನು ಕಾರು ಮಾರಿದ. ಅವನ ಈಗಿನ ಕಟ್ಟಡದಲ್ಲಿ ಬಲೆ ಕಟ್ಟಿದ್ದಾರೆ, ಹದಿನಾರು ಜನರ ಹೆಸರು ಬೋರ್ಡಿನ ಮೇಲಿದೆ. ಕೆಲಸ ಮಾಡುವವರು ಇಪ್ಪತ್ತೊಂದು. ನನ್ನ ಹತ್ತೊಂಬತ್ತು ವರ್ಷದ ಕೆಲಸ ಹೋಯಿತು, ಮೂರು ತಿಂಗಳಿಗೊಮ್ಮೆ ನಾನು ನ್ಯಾಯಾಲಯಕ್ಕೆ ಹೋಗಿ ಬರಬೇಕು, ಈಗ ಸರಸುವಿನ ಎರಡು ಹಸುವಿನ ಹಾಲು ಸೊಸೈಟಿಗೆ ಹಾಕುತ್ತೇನೆ.